ಹಳೆಯ ಮಸೂರ, ಹೊಸ ಕ್ಯಾಮರಾ

ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ನೊಳಂಬರ ಕಾಲದ ಗುಡಿಗಳನ್ನು ಕಂಡ ವಾಚಕರಿಗೆ ಅಲ್ಲಿಯ ಮಂಟಪಗಳ ಮಬ್ಬೂ ಇಕ್ಕಟ್ಟೂ ವಿದಿತವೇ. ಹಿಂದೆ ಸರಿಯಲು ಗೋಡೆ ಅಡ್ಡಬರುವುದರಿಂದ ಅಲ್ಲಿ ಚಿತ್ರ ತೆಗೆಯುವವರಿಗೆ ವಿಶಾಲದೃಷ್ಟಿಯ ಮಸೂರವೇ ಆಸ್ತಿ. ಬಹುಕಾಲ ಫಿಲ್ಮಿನಲ್ಲಿ ದುಡಿದು ಅಂತಹ ಮಸೂರಗಳನ್ನು ಕೂಡಿಹಾಕಿದವರು ಮೊದಲ ಡಿಜಿಟಲ್ ಕ್ಯಾಮರಾವನ್ನು ಆರಿಸುವಾಗ ಪಟ್ಟ ಪೇಚಾಟಕ್ಕೆ ಒಂದು ಚರಿತ್ರೆಯುಂಟು.

1975ರಲ್ಲಿ ಅಮೆರಿಕದ ಕೊಡಕ್ ಸಂಸ್ಥೆಯಲ್ಲಿ ಸ್ಟೀವನ್ ಸ್ಯಾಸನ್ನರು ರಚಿಸಿದ ಮೊದಲ ಯಂತ್ರವು ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿದ್ದಿತು. ಅದು ಪೇಟೆಗೆ ಬರಲಿಲ್ಲ. ವೃತ್ತಿನಿರತರ ಕೈಗೆ ಒಗ್ಗಿದುದು 1999ರ ನಿಕಾನ್ ಡಿ1. ಮಸೂರವನ್ನು ಕೂಡಿಸುವ ಮೌಂಟ್ ಎಂಬ ಬಳೆಯನ್ನು ನಿಕಾನಿನವರು 1959ರಿಂದ ಉಳಿಸಿಕೊಂಡು ಬಂದುದರಿಂದ ಹಳೆಯ ಮಸೂರಗಳಲ್ಲಿ ಬಹಳಷ್ಟು ಇದಕ್ಕೆ ಕೂಡಿದವು. ಕ್ಯಾನನಿನವರಾದರೋ 1987ರಲ್ಲಿಯೇ ಬಳೆಯನ್ನು ಬದಲಿಸಿದ್ದರು. ಅದಕ್ಕೆ ಮೊದಲು ಅವರ ಮಸೂರ ಕೊಂಡವರ ಪೆಟ್ಟಿಗೆ ಮೂಲೆಗೆ ಬಿದ್ದಿತು.

ಕೂಡಿದ ಮಾತ್ರಕ್ಕೆ ಕಷ್ಟ ತೀರಲಿಲ್ಲ. ಫಿಲ್ಮಿನ ಚೌಕಟ್ಟು 36 ಮಿಲಿಮೀಟರು ಅಗಲ. ಡಿ1ರಲ್ಲಿ ಬೆಳಕು ಹಿಡಿಯುವ ಸಂವೇದಕವು ಸುಮಾರು 24 ಮಾತ್ರ. ಆದುದರಿಂದ ಮಂಟಪವನ್ನು ತುಂಬಿಕೊಡುತ್ತಿದ್ದ 28 ಮಿಲಿಮೀಟರಿನ ಮಸೂರವು 42ರ ನೋಟವನ್ನಷ್ಟೇ ಕೊಟ್ಟು ಅಂಚಿನ ಕಂಬಗಳನ್ನು ಹೊರಗುಳಿಸಿತು. ದೂರದ ಹಕ್ಕಿಯನ್ನು ಹಿಡಿಯುವವರಿಗೆ ಇದೇ ಲಾಭ! ಪೂರ್ಣ ಚೌಕಟ್ಟಿನ ಕ್ಯಾಮರಾವನ್ನು ನಿಕಾನಿನವರು ತಂದುದು 2007ರಲ್ಲಿ, ಡಿ3 ಎಂಬ ಹೆಸರಿನಿಂದ. ನಡುವಣ ಎಂಟು ವರ್ಷ ಗುಡಿಗಳ ಚಿತ್ರ ತೆಗೆಯುವವರು ಫಿಲ್ಮನ್ನೇ ನೆಚ್ಚಿದ್ದರೆ ಅದನ್ನು ಹಠವೆನ್ನಲಾಗದು, ಲೆಕ್ಕಾಚಾರವೆಂದೇ ನನ್ನ ಮತ.

ಕನ್ನಡಿಯಿಲ್ಲದ ಪೂರ್ಣ ಚೌಕಟ್ಟಿನ ಎ7 ಕ್ಯಾಮರಾವನ್ನು ಸೋನಿಯವರು 2013ರಲ್ಲಿ ತಂದ ತರುವಾಯ, ನಡುವೆ ಮತ್ತೊಂದು ಬಳೆಯನ್ನಿಟ್ಟು ಕ್ಯಾನನಿನ ಆ ಹಳೆಯ ಮಸೂರಗಳನ್ನೂ ಬಳಸುವಂತಾಯಿತು. ಫೋಕಸನ್ನು ಮಾತ್ರ ಕೈಯಿಂದಲೇ ತಿರುಗಿಸಬೇಕು; ಕೋಲಾರದ ಸೋಮೇಶ್ವರನ ಕಂಬಗಳು ಎಲ್ಲಿಗೂ ಓಡುವುದಿಲ್ಲ.