ಬಳ್ಳಿಗಾವೆಯ ಪೇಟೆಗೆ ಏನಾಯಿತು?

ಶಿರಾಳಕೊಪ್ಪದ ಪೇಟೆಯಿಂದ ಬಳ್ಳಿಗಾವಿಗೆ ಎರಡು-ಮೂರು ಕಿಲೋಮೀಟರ್ ದಾರಿ. ಇತ್ತ ಶಿರಾಳಕೊಪ್ಪದಲ್ಲಿ ಬಸ್ಸುಗಳ ಗದ್ದಲ, ಬಟ್ಟೆ ಅಂಗಡಿಗಳು, ಶುಂಠಿ-ಜೋಳ-ಅಡಿಕೆಯ ವ್ಯವಹಾರ. ಅತ್ತ ಬಳ್ಳಿಗಾವಿಯಲ್ಲಿ ಹೆಂಚಿನ ಮನೆಗಳು, ಅವುಗಳ ನಡುವೆ ಒಂಟಿಯಾಗಿ ನಿಂತ ಎತ್ತರದ ಕಂಬ, ಹುಲ್ಲುಹಾಸಿನ ನಡುವೆ ಕೇದಾರೇಶ್ವರ ದೇವಾಲಯ. ಒಂಬೈನೂರು ವರ್ಷಗಳ ಹಿಂದೆ ಈ ಚಿತ್ರ ತಿರುಗುಮುರುಗಾಗಿತ್ತು. ಗದ್ದಲವೆಲ್ಲ ಬಳ್ಳಿಗಾವಿಯಲ್ಲಿತ್ತು. ಬನವಾಸಿ ಪನ್ನಿರ್ಚ್ಛಾಸಿರ, ಅಂದರೆ ಬನವಾಸಿ ಹನ್ನೆರಡು ಸಾವಿರವೆಂಬ ದೊಡ್ಡ ನಾಡಿಗೆ ಇದೇ ರಾಜಧಾನಿ. ಅಂಥ ಪಟ್ಟಣ ಹಳ್ಳಿಯಾದದ್ದು ಹೇಗೆ? ಶಿಕಾರಿಪುರ, ಸೊರಬದ ಕಡೆ ಈ ಪ್ರಶ್ನೆ ಎತ್ತಿದರೆ ಉತ್ತರಕ್ಕೆ ಬರವಿಲ್ಲ. ಆದರೆ ಆ ಉತ್ತರಗಳಲ್ಲಿ ಇತಿಹಾಸ ಎಷ್ಟು, ಇಂದಿನ ಸಿಟ್ಟು ಎಷ್ಟು ಎಂಬುದನ್ನು ನಾವು ಬಿಡಿಸಿ ನೋಡಬೇಕಾಗಿದೆ.

ನಮ್ಮ ಅದೃಷ್ಟಕ್ಕೆ ಬಳ್ಳಿಗಾವೆ ತನ್ನ ಕಥೆಯನ್ನು ಕಲ್ಲಿನ ಮೇಲೆ ಬರೆದಿಟ್ಟಿದೆ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳಿವೆ. ಬಳ್ಳಿಗಾವಿಯೊಂದರಲ್ಲೇ ಸಿಕ್ಕ ಶಾಸನಗಳು 80ಕ್ಕೂ ಹೆಚ್ಚು. ಸೊರಬದ ಶಾಸನಗಳು ಎಂಟನೆಯ ಸಂಪುಟದಲ್ಲಿವೆ. ಈ ಎರಡು ತಾಲ್ಲೂಕುಗಳಷ್ಟು ದಟ್ಟವಾಗಿ ಶಾಸನಗಳಿರುವ ನೆಲ ಕರ್ನಾಟಕದಲ್ಲಿ ಹೆಚ್ಚಿಲ್ಲ. ಕದಂಬರ ಮೂಲಸ್ಥಾನವಾದ ತಾಳಗುಂದ ಇಲ್ಲೇ ಪಕ್ಕದಲ್ಲಿದೆ. ಅಕ್ಕಮಹಾದೇವಿಯ ಉಡುತಡಿಯೂ ದೂರವಿಲ್ಲ. ಅಲ್ಲಮಪ್ರಭುವಿನ ಊರು ಬಳ್ಳಿಗಾವೆಯೇ ಎಂಬುದು ಹರಿಹರನ ಕಾಲದಿಂದ ಬಂದ ನಂಬಿಕೆ.

ಆ ಪೇಟೆಗೆ ಜನರನ್ನು ಸೆಳೆದದ್ದಾದರೂ ಏನು?

ಮೊದಲನೆಯದು ವ್ಯಾಪಾರ. ಹನ್ನೊಂದನೆಯ ಶತಮಾನದ ನಡುಭಾಗದ ಒಂದು ಶಾಸನ ಅಯ್ಯಾವೊಳೆಯ ಐನೂರ್ವರನ್ನು ಕುರಿತು ವಿವರವಾಗಿ ಹೇಳುತ್ತದೆ. ಈ ಐನೂರ್ವರು ಅಂದಿನ ದೊಡ್ಡ ವರ್ತಕ ಸಂಘ. ಅವರು ಕಾಲಿಟ್ಟ ನಾಡುಗಳ ಪಟ್ಟಿಯಲ್ಲಿ ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ನೇಪಾಳಗಳಿವೆ, ಪಾರಸವೂ ಇದೆ. ಪಾರಸವೆಂದರೆ ಪರ್ಷಿಯಾ. ಅವರು ಮಾರುತ್ತಿದ್ದ ಸರಕಿನಲ್ಲಿ ಆನೆಗಳು, ಜಾತಿಯ ಕುದುರೆಗಳು, ಮುತ್ತು, ಮಾಣಿಕ್ಯ, ಹವಳ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕೇಸರಿ. ಸಗಟಾಗಿ ಮಾರುವವರೂ ಇದ್ದರು, ಹೆಗಲ ಮೇಲೆ ಹೊತ್ತು ಬೀದಿ ಬೀದಿ ಸುತ್ತುವವರೂ ಇದ್ದರು. ಕತ್ತೆ, ಕೋಣಗಳ ಮೇಲೆ ಸರಕು ಬರುತ್ತಿತ್ತು. ಶಾಸನ ಬರೆಸಿದವರು ಹೆಗಲ ಮೇಲೆ ಹೊತ್ತು ಮಾರುವವನನ್ನೂ ಮರೆಯಲಿಲ್ಲವೆಂಬುದು ನಮಗೆ ಮುಖ್ಯವಾಗಿ ಕಾಣುತ್ತದೆ. ಪೇಟೆಯೆಂದರೆ ಮುತ್ತಿನ ಸೆಟ್ಟಿ ಮಾತ್ರವಲ್ಲ ಎಂಬ ತಿಳಿವಳಿಕೆ ಅವರಿಗಿತ್ತು.

ಕುದುರೆ ಎಂದ ಕೂಡಲೇ ಕಡಲ ನೆನಪಾಗಬೇಕು. ಒಳ್ಳೆಯ ಕುದುರೆಗಳು ಅರಬ್ ಮತ್ತು ಪರ್ಷಿಯಾದ ತೀರಗಳಿಂದ ಹಡಗಿನಲ್ಲಿ ಬಂದು ಪಡುವಣ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ಒಳನಾಡಿಗೆ ಬರುತ್ತಿದ್ದವು. ಇದೇ ಹನ್ನೊಂದನೆಯ ಶತಮಾನದಲ್ಲಿ ಗೋವೆಯ ಕದಂಬ ಅರಸ ಒಂದನೆಯ ಜಯಕೇಶಿಯ ಆಡಳಿತದಲ್ಲಿ ಅರಬ್ ಮೂಲದ ವರ್ತಕ ಮನೆತನದವನೊಬ್ಬ ಉನ್ನತ ಹುದ್ದೆಯಲ್ಲಿದ್ದ. ಅವನು ಕಟ್ಟಿಸಿದ ಮಸೀದಿಯ ಖರ್ಚಿಗಾಗಿ ಬಂದರಿಗೆ ಬರುವ ಹಡಗುಗಳಿಂದ ಸುಂಕ ಎತ್ತಲು ಅರಸ ಒಪ್ಪಿಗೆ ಕೊಟ್ಟ. ತಾಮ್ರಪಟದಲ್ಲಿ ಮಸೀದಿಗೆ ಬಳಸಿದ ಪದ 'ಮಿಜಿಗಿತಿ'. ನಮ್ಮ ನಾಡಿಗೆ ಇಸ್ಲಾಂ ಬಂದದ್ದು ಕತ್ತಿ ಹಿಡಿದೇ ಎಂದು ಹೇಳುವವರು ಈ ಪದವನ್ನೊಮ್ಮೆ ನೆನಪಿಟ್ಟುಕೊಂಡರೆ ಒಳ್ಳೆಯದು.

ಎರಡನೆಯ ಸೆಳೆತ ಅನ್ನ ಮತ್ತು ಅಕ್ಷರ. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠ ಕಾಳಾಮುಖ ಶೈವರ ನೆಲೆಯಾಗಿತ್ತು. ಕಲಚುರಿ ಬಿಜ್ಜಳ ಇಲ್ಲಿ ಬೀಡುಬಿಟ್ಟಿದ್ದ ಕಾಲದ, 1162ರ ಶಾಸನವೊಂದು ಈ ಮಠವನ್ನು ವಿವರಿಸುವ ರೀತಿ ಬೆರಗು ಹುಟ್ಟಿಸುತ್ತದೆ. ಅಲ್ಲಿ ವೇದಗಳ ಜೊತೆಗೆ ವ್ಯಾಕರಣ, ದರ್ಶನಗಳು, ಪುರಾಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿತ್ತು. ಬಡವರಿಗೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಊಟವಿತ್ತು. ಹಾಡುವವರು, ಬಾಜಿಸುವವರು, ಕುಣಿಯುವವರಿಗೂ ಊಟ. ಶೈವ ಮಠದ ಪಂಕ್ತಿಯಲ್ಲಿ ಜೈನ ಕ್ಷಪಣಕರಿಗೂ ಎಲೆ ಹಾಕುತ್ತಿದ್ದರು. ರೋಗಿಗಳಿಗೆ ಔಷಧ ಸಿಗುತ್ತಿತ್ತು. ಭಯಪಟ್ಟು ಬಂದ ಯಾವ ಜೀವಿಗೂ ಅಲ್ಲಿ ಅಭಯವಿತ್ತೆಂದು ಶಾಸನ ಹೇಳುತ್ತದೆ.

ಶಾಸನಗಳಲ್ಲಿ ಉತ್ಪ್ರೇಕ್ಷೆ ಇರುತ್ತದೆ, ದಾನ ಪಡೆದವರು ತಮ್ಮ ಮಠವನ್ನು ಹೊಗಳಿಕೊಳ್ಳುವುದು ಸಹಜ. ಆದರೂ ಒಂದು ಊರು ಯಾವುದನ್ನು ತನ್ನ ಹೆಮ್ಮೆ ಎಂದು ಭಾವಿಸಿತ್ತು ಎಂಬುದಂತೂ ಅದರಿಂದ ಗೊತ್ತಾಗುತ್ತದೆ.

ಬಳ್ಳಿಗಾವೆಯಲ್ಲಿ ಐದು ಮಠಗಳಿದ್ದವು: ಹರಿ, ಹರ, ಬ್ರಹ್ಮ, ಜಿನ, ಬುದ್ಧ. ಬೀದಿಯಲ್ಲಿ ಇಂದೂ ನಿಂತಿರುವ ಗಂಡಭೇರುಂಡ ಸ್ತಂಭವನ್ನು 1047ರಲ್ಲಿ ನಿಲ್ಲಿಸಿದ ಮಹಾಮಂಡಲೇಶ್ವರ ಚಾಮುಂಡರಾಯರಸ ಮರುವರ್ಷವೇ ಜಿನಬಸದಿಗೆ ಭೂಮಿ ಬಿಟ್ಟ. 1065ರಲ್ಲಿ ಅಧಿಕಾರಿ ರೂಪಭಟ್ಟಯ್ಯ ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದ. ಕರ್ನಾಟಕದಲ್ಲಿ ಬೌದ್ಧಧರ್ಮ ಬಹುಪಾಲು ಮಂಕಾಗಿದ್ದ ಕಾಲವದು, ಬಳ್ಳಿಗಾವೆಯಲ್ಲಿ ಮಾತ್ರ ಹೊಸ ವಿಹಾರವೇ ಎದ್ದಿತು. 1068ರಲ್ಲಿ 'ಸುಕುಮಾರಚರಿತೆ'ಯ ಕವಿ ಶಾಂತಿನಾಥನ ಪ್ರೇರಣೆಯಿಂದ ಮರದ ಬಸದಿಯೊಂದು ಕಲ್ಲಿನ ಬಸದಿಯಾಯಿತು. ಇದೆಲ್ಲ ಒಂದೇ ತಲೆಮಾರಿನ ಅವಧಿಯಲ್ಲಿ, ಒಂದೇ ಊರಿನಲ್ಲಿ. ಹಾಗೆಂದು ನಾವು ಅದನ್ನು ಸ್ವರ್ಗವೆಂದು ಕರೆಯಲಾರೆವು. ಮಠದ ಅನ್ನಕ್ಕೆ ಭತ್ತ ಬೆಳೆದವರ ಹೆಸರನ್ನು ಯಾವ ಕಲ್ಲೂ ಹೇಳುವುದಿಲ್ಲ. ಊರಿನ ಜಾತಿ-ಅಂತಸ್ತುಗಳ ಬಿಗಿಯನ್ನು ಪ್ರಶ್ನಿಸಿ ಅಲ್ಲಮನೂ ಅಕ್ಕನೂ ಹೊರಟದ್ದು ಇದೇ ಸೀಮೆಯಿಂದ.

ಇನ್ನು ಪತನದ ಮಾತು. ಮೊದಲು ಕೇಳಿಬರುವ ಉತ್ತರ ನಮಗೆಲ್ಲ ಗೊತ್ತಿರುವುದೇ: ಮುಸ್ಲಿಮರು ಬಂದರು, ಹಾಳುಮಾಡಿದರು. ಮುರಿದ ಮೂಗಿನ ವಿಗ್ರಹ ಕಂಡರೆ ಸಾಕು, ಬೇರೆ ಸಾಕ್ಷಿ ಬೇಕಿಲ್ಲ. ಮುಸ್ಲಿಂ ಸೈನ್ಯಗಳು ದೇವಾಲಯಗಳನ್ನು ಲೂಟಿ ಮಾಡಿದ್ದೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಅದು ಇತಿಹಾಸಕ್ಕೂ ನಮ್ಮ ಆತ್ಮಸಾಕ್ಷಿಗೂ ಮಾಡುವ ಅನ್ಯಾಯ. ಮಲಿಕ್ ಕಾಫೂರನ ಸೈನ್ಯ 1311ರಲ್ಲಿ ಹೊಯ್ಸಳರ ದೋರಸಮುದ್ರಕ್ಕೆ ಬಂದು ಸಂಪತ್ತು ಹೊತ್ತೊಯ್ದದ್ದು ನಿಜ. ಆದರೆ ಬಳ್ಳಿಗಾವೆಯ ಶಾಸನಗಳ ಕಾಲವನ್ನು ಗಮನಿಸಿ. ಅವುಗಳ ಸುಗ್ಗಿ ಹನ್ನೊಂದು, ಹನ್ನೆರಡನೆಯ ಶತಮಾನಗಳದ್ದು. ಹದಿಮೂರನೆಯ ಶತಮಾನ ಮುಂದುವರಿದಂತೆ ಅವು ತೆಳುವಾಗುತ್ತ ಹೋಗುತ್ತವೆ. ದಾನ ಕೊಡುವ ಕೈಗಳು ದೆಹಲಿಯ ಕುದುರೆಗಳು ಬರುವ ಮೊದಲೇ ಕಡಿಮೆಯಾಗಿದ್ದವು. ಕೇದಾರೇಶ್ವರ ದೇವಾಲಯ ಹೊಯ್ಸಳ ಲಾಂಛನ ಹೊತ್ತು ಇಂದಿಗೂ ನಿಂತಿದೆ.

ದಾಳಿ, ಧ್ವಂಸಗಳು ಯಾವುದೇ ಒಂದು ಧರ್ಮದವರ ಗುತ್ತಿಗೆಯಾಗಿರಲಿಲ್ಲ ಎಂಬುದಕ್ಕೂ ಈ ಸುತ್ತಿನಲ್ಲೇ ಸಾಕ್ಷಿಗಳಿವೆ. ಪಕ್ಕದ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯ ಜೈನರೊಡನೆ ಮಾಡಿದ ವಾದವೂ ಜಿನಬಿಂಬ ಒಡೆದ ಪ್ರಸಂಗವೂ ಶಾಸನದಲ್ಲೂ ಶಿಲ್ಪದಲ್ಲೂ ದಾಖಲಾಗಿವೆ. ಗದಗ ಸೀಮೆಯ ಗಾವರವಾಡದ 1071ರ ಶಾಸನ ಚೋಳರ ಸೈನ್ಯ ಬೆಳ್ವೊಲ ನಾಡಿನ ಬಸದಿಗಳನ್ನು ಸುಟ್ಟದ್ದನ್ನು ಹೇಳುತ್ತದೆ. ಲೆಕ್ಕ ಸರಿಮಾಡಿಕೊಳ್ಳಲೆಂದು ಇದನ್ನು ಹೇಳುತ್ತಿಲ್ಲ. ಗಾವರವಾಡದ ಶಾಸನದಲ್ಲಿ ಇನ್ನೊಂದು ಸಂಗತಿಯಿದೆ: ಸುಟ್ಟುಹೋದ ಬಸದಿಯನ್ನು ಮತ್ತೆ ಊರ್ಜಿತಗೊಳಿಸಿದರು, ಕಳೆದುಹೋದ ದತ್ತಿಗಳನ್ನು ಮರಳಿ ಕೊಟ್ಟರು. ಸೆಳೆತ ಉಳಿದಿದ್ದರೆ ಸುಟ್ಟ ಊರೂ ಮತ್ತೆ ಏಳುತ್ತದೆ. ಬಳ್ಳಿಗಾವೆ ಏಳಲಿಲ್ಲ. ಆದ್ದರಿಂದ ಸುಟ್ಟವರು ಯಾರು ಎಂದು ಹುಡುಕುವುದಕ್ಕಿಂತ ಸೆಳೆತ ಎಲ್ಲಿ ಹೋಯಿತು ಎಂದು ಕೇಳುವುದು ಹೆಚ್ಚು ಉಪಯುಕ್ತ.

ಅರಸರು ಹೋದರು, ಆದ್ದರಿಂದ ಊರೂ ಹೋಯಿತು ಎನ್ನುವವರಿದ್ದಾರೆ. ಇದರಲ್ಲಿ ಸಾಕಷ್ಟು ಸತ್ಯವಿದೆ. ಕಲ್ಯಾಣದ ಚಾಲುಕ್ಯರ ನಂತರ ಬಳ್ಳಿಗಾವೆಯನ್ನು ಕಲಚುರಿಗಳು, ಹೊಯ್ಸಳರು, ದೇವಗಿರಿಯ ಸೇವುಣರು ಒಬ್ಬರಾದ ಮೇಲೊಬ್ಬರು ಹಿಡಿದರು. ಹೊಯ್ಸಳರಿಗೂ ಸೇವುಣರಿಗೂ ಬನವಾಸಿ ನಾಡು ಎಳೆದಾಟದ ಹಗ್ಗವಾಯಿತು. ಆದರೆ ಅರಸನ ಕೃಪೆಯೊಂದೇ ಊರನ್ನು ಹಿಡಿದಿಡುವುದಿಲ್ಲ ಎಂಬುದಕ್ಕೆ ಶಿಲ್ಪಿಗಳೇ ಸಾಕ್ಷಿ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ದೇವಾಲಯ ಎತ್ತಿಸಿದಾಗ ಅಲ್ಲಿ ಉಳಿ ಹಿಡಿದವರಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇದ್ದರು. ಬೇಲೂರಿನ ಮದನಿಕೆಯರನ್ನು ನೋಡಿ ಬೆರಗಾಗುವ ಪ್ರವಾಸಿಗರಲ್ಲಿ ಎಷ್ಟು ಜನ ಬಳ್ಳಿಗಾವಿಗೆ ಬರುತ್ತಾರೋ! ಊರು ವೈಭವದಲ್ಲಿದ್ದಾಗಲೇ ಅದರ ಕೈಚಳಕ ಹೊಸ ರಾಜಧಾನಿಗಳತ್ತ ನಡೆದಿತ್ತು.

ನಮಗೆ ಹೆಚ್ಚು ಒಪ್ಪಿಗೆಯಾಗುವುದು ದಾರಿಯ ಉತ್ತರ. ಹದಿನಾಲ್ಕನೆಯ ಶತಮಾನದಲ್ಲಿ ಕಾಲ ಅಳುಕಿನದ್ದಾಯಿತು, ಬಯಲಿನ ಪೇಟೆಗಿಂತ ಬೆಟ್ಟದ ಕೋಟೆಗೆ ಬೆಲೆ ಬಂತು. ಸೊರಬ ತಾಲ್ಲೂಕಿನ ಚಂದ್ರಗುತ್ತಿ ಮೇಲೆದ್ದದ್ದು ಹೀಗೆ. ವಿಜಯನಗರದ ಹರಿಹರ-ಬುಕ್ಕರ ಸೋದರ ಮಾರಪ್ಪ 1347ರ ಹೊತ್ತಿಗೆ ಅಲ್ಲಿಂದಲೇ ಈ ನಾಡನ್ನು ಆಳುತ್ತಿದ್ದ. ಅದೇ ಕಾಲದಲ್ಲಿ ಸಂಪತ್ತು ಘಟ್ಟದ ಕೆಳಗೆ ಕೂಡತೊಡಗಿತ್ತು. 1342ರ ಸುಮಾರಿಗೆ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಾಗ ಅಲ್ಲಿ ಸುಲ್ತಾನ್ ಜಮಾಲುದ್ದೀನನ ಆಡಳಿತವಿತ್ತು. ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನೂ ಗಂಡುಮಕ್ಕಳಿಗೆ 23 ಶಾಲೆಗಳನ್ನೂ ಕಂಡೆನೆಂದು, ಅಲ್ಲಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದು ಅವನು ಬರೆದಿದ್ದಾನೆ. ಬಳ್ಳಿಗಾವೆಯ ಮಠದಲ್ಲಿ ಪಾಠದ ದನಿ ತಗ್ಗುತ್ತಿದ್ದ ಕಾಲಕ್ಕೆ ಕಡಲ ತೀರದಲ್ಲಿ ಇನ್ನೊಂದು ಪಾಠದ ದನಿ ಏರಿತ್ತು.

ಆದರೆ ಬಂದರುಗಳ ಅದೃಷ್ಟವೂ ಶಾಶ್ವತವಲ್ಲ. ಭಟ್ಕಳ ವಿಜಯನಗರದ ಕುದುರೆ ಬಂದರಾಗಿ ಮೆರೆಯಿತು. 1502ರಲ್ಲಿ ಪೋರ್ಚುಗೀಸರ ಬೆಂಕಿ ಕಂಡಿತು. 1510ರಲ್ಲಿ ಗೋವೆ ಅವರ ಕೈಸೇರಿದ ಮೇಲೆ ಕುದುರೆ ವ್ಯಾಪಾರದ ಲಗಾಮೂ ಅಲ್ಲಿಗೇ ಹೋಯಿತು. ಕರಿಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ ಇಂದು ಕಾಡಿನೊಳಗಿನ ಬಸದಿ. ಘಟ್ಟದ ಮೇಲೆ ಕೆಳದಿ, ಇಕ್ಕೇರಿ, ಕೊನೆಗೆ ಬಿದನೂರು ಒಂದಾದ ಮೇಲೊಂದು ಬೆಳಗಿದವು. 1763ರಲ್ಲಿ ಹೈದರಾಲಿಯ ವಶವಾಗಿ ಹೈದರ್‌ನಗರವಾದ ಆ ಬಿದನೂರೂ ಈಗ ನಗರ ಎಂಬ ಹೆಸರಿನ ಹಳ್ಳಿ. ಶಿಕಾರಿಪುರ ಎಂಬ ಹೆಸರೂ ಹೈದರ್-ಟಿಪ್ಪು ಕಾಲದ ಬೇಟೆಯಿಂದ ಬಂದದ್ದೆಂದು ಹೇಳುತ್ತಾರೆ. ಗೋವೆಯಿಂದ ಪೋರ್ಚುಗೀಸರಿಗೆ ಹೆದರಿ ಬಂದವರು ತಾವೆಂದು ಹೇಳಿಕೊಳ್ಳುವ ಗುಡಿಗಾರರು ಸೊರಬ, ಸಾಗರಗಳಲ್ಲಿ ನೆಲೆನಿಂತು ಶ್ರೀಗಂಧದ ಕೆತ್ತನೆಗೆ ಹೆಸರು ತಂದರು. ಬಳ್ಳಿಗಾವೆ ಶಿಲ್ಪಿಗಳನ್ನು ಕಳಿಸಿಕೊಟ್ಟ ಸೀಮೆ ಹೀಗೆ ಬೇರೆ ಶಿಲ್ಪಿಗಳನ್ನು ಬರಮಾಡಿಕೊಂಡಿತು.

ದಾರಿ ತಿರುಗಿದ್ದರ ಜೊತೆಗೆ ಇನ್ನೊಂದು ನಷ್ಟವೂ ಆಗಿತ್ತೆಂದು ನಮ್ಮ ಅನಿಸಿಕೆ. ವರ್ತಕ ಸಂಘಗಳು ಕಳೆಗುಂದಿದವು. ಕಾಳಾಮುಖರು ಮರೆಯಾದರು, ಅವರ ಎಷ್ಟೋ ಮಠಗಳು ವೀರಶೈವದಲ್ಲಿ ಬೆರೆತವು. ಬೌದ್ಧ ವಿಹಾರ ಹೇಳಹೆಸರಿಲ್ಲದಂತಾಯಿತು. ಪರವೂರಿನವನು ನಂಬಿ ಬಂದು ಸರಕು ಇಳಿಸುವ, ಹಸಿದವನು ಕುಲ ಹೇಳದೆ ಎಲೆಯ ಮುಂದೆ ಕೂರುವ ಏರ್ಪಾಡು ಬಿಚ್ಚಿಕೊಂಡಿತು. ಅದನ್ನು ಕಟ್ಟಲು ನೂರಾರು ವರ್ಷ ಬೇಕಾಗಿತ್ತು.

ಇದು ಹಳೆಯ ಮಾತಾಗಿಯೇ ಉಳಿದಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. 2022ರ ಮಾರ್ಚ್‌ನಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಸಿಗಲಿಲ್ಲ. ಆಗ ಕರಾವಳಿಯ ಜಾತ್ರೆಗಳಲ್ಲೂ ಅಂಥ ಬೋರ್ಡುಗಳು ಎದ್ದವು. ಬಳೆ, ಆಟಿಕೆ, ಬತಾಸು ಮಾರಿ ವರ್ಷದ ಖರ್ಚು ತೂಗಿಸುವ ಬಡವರು ಕಟ್ಟಿದ ಗಂಟನ್ನು ಬಿಚ್ಚದೆ ಮರಳಿದರು. ನೂರಾರು ವರ್ಷಗಳ ಹಿಂದೆ ಹೆಗಲ ಮೇಲೆ ಹೊತ್ತು ಮಾರುವವನನ್ನು ಕಲ್ಲಿನಲ್ಲಿ ಕೊರೆಸಿದ್ದು ಇದೇ ಜಿಲ್ಲೆ. ಇತ್ತ ಶಿರಾಳಕೊಪ್ಪದ ಹೆಸರು ಹೊರಗಿನವರ ಕಿವಿಗೆ ಬೀಳುವುದು ಹೆಚ್ಚಾಗಿ ಗಲಾಟೆಯ ಸುದ್ದಿಯಲ್ಲಿ. ಆದರೆ ಅಲ್ಲಿನ ಪೇಟೆಯಲ್ಲಿ ಒಮ್ಮೆ ನಡೆದು ನೋಡಿ. ಲಿಂಗಾಯತ ರೈತ ಸಾಬರ ಅಂಗಡಿಯಲ್ಲಿ ಸಾಲ ಹೇಳುತ್ತಾನೆ, ಸಾಬರ ಮನೆಯ ಮದುವೆಗೆ ಅಕ್ಕಿ ಬರುವುದು ಸೆಟ್ಟರ ಅಂಗಡಿಯಿಂದ. ಇದು ಸುದ್ದಿಯಾಗುವುದಿಲ್ಲ.

ಚಾಮುಂಡರಾಯರಸನ ಕಾಲದಲ್ಲಿ ಬಳ್ಳಿಗಾವೆಯ ಸೀಮೆಯಲ್ಲಿ ಭೂಮಿ ಅಳೆಯಲು 'ಭೇರುಂಡ ಗಳೆ' ಎಂಬ ಅಳತೆಗೋಲು ಇತ್ತು. ಜಿನಬಸದಿಗೆ ಬಿಟ್ಟ ಗದ್ದೆಯನ್ನು ಶಿವಭಕ್ತ ಅರಸ ಅದೇ ಗೋಲಿನಿಂದ ಅಳೆಸಿದ. ಗೋಲು ಎಂದೋ ಕಾಣೆಯಾಗಿದೆ. ಅದಕ್ಕೆ ಹೆಸರು ಕೊಟ್ಟ ಭೇರುಂಡನ ಕಂಬ ಮಾತ್ರ ಬೀದಿಯಲ್ಲಿದೆ. ಶಿರಾಳಕೊಪ್ಪದಿಂದ ಆಟೋದವರನ್ನು ಕೇಳಿದರೆ ಯಾವ ಜಾತಿಯವರಾದರೂ ಅಲ್ಲಿಗೇ ಕರೆದೊಯ್ದು ಬಿಡುತ್ತಾರೆ.