ಕುರ್ಲಾದ ಏಡಿ ಎಲ್ಲಿ ಹೋಯಿತು?

ಮತ್ಸ್ಯಗಂಧ ಹತ್ತಿ ಬರುವ ನಮ್ಮ ಕರಾವಳಿಯವರು ಕೊನೆಗೆ ಇಳಿಯೋದು ಕುರ್ಲಾದ ಟರ್ಮಿನಸ್‌ನಲ್ಲಿ. ಆಮೇಲೆ ನಮ್ಮಲ್ಲಿ ಎಷ್ಟೋ ಜನ ದಿನಾ ಕುರ್ಲಾ ಸ್ಟೇಷನ್ನಿಂದ ಶೇರ್ ಆಟೋದಲ್ಲಿ ಬಿಕೆಸಿ ಆಫೀಸಿಗೆ ಹೋಗ್ತೀವಿ. ಕೊಂಕಣಿ ಬಲ್ಲವರಿಗೆ ಗೊತ್ತು, ಕುರ್ಲಿ ಅಂದ್ರೆ ಏಡಿ. ಇಲ್ಲಿನ ಜೌಗಿನಲ್ಲಿ ಏಡಿ ಹೇರಳವಾಗಿದ್ದುದಕ್ಕೇ ಊರಿಗೆ ಆ ಹೆಸರು ಬಂತು ಅಂತಾರೆ. ಆ ಜೌಗು ಮರಳಿ ಬರಬಹುದಾ? ಇವತ್ತಿನ ಮಾತು ಅದು.

ಮೊದಲು ಜೌಗು ಹೋದದ್ದು ಹೇಗೆ ಅಂತ ನೋಡೋಣ. 1805ರಲ್ಲಿ ಸಯನ್ ಕಟ್ಟೆದಾರಿ ಮುಂಬೈ ದ್ವೀಪವನ್ನು ಕುರ್ಲಾಕ್ಕೆ ಜೋಡಿಸಿತು, 1845ರಲ್ಲಿ ಮಾಹಿಮ್ ಕಟ್ಟೆದಾರಿ ಬಂತು. ಉಬ್ಬರದ ನೀರು ಓಡಾಡುವ ಜಾಗ ಕಿರಿದಾಗುತ್ತಾ ಬಂತು. ವಿಹಾರ, ಪೊವಾಯಿ ಕೆರೆಗಳ ಕೋಡಿ ನೀರು ಹೊತ್ತು ಕುರ್ಲಾ ದಾಟಿ ಮಾಹಿಮ್ ಅಳಿವೆ ಸೇರುವ ಮೀಠಿ ನದಿಯ ದಂಡೆಗೂ ಮಣ್ಣು ಬಿತ್ತು. ನಾವು ಕೂತು ಕೋಡ್ ಬರೆಯುವ ಬಿಕೆಸಿ ಎದ್ದದ್ದು ಹೀಗೆ ತುಂಬಿಸಿದ ಜೌಗಿನ ಮೇಲೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೀಠಿ ತನ್ನ ಹಳೇ ಜಾಗ ಹುಡುಕಿಕೊಂಡು ಬಂತು. ಕುರ್ಲಾ ಮುಳುಗಿತು.

ಈಗ ಮರಳಿ ತರುವ ವಿಷಯ. ಇದಕ್ಕೆ ಎರಡು ದಾರಿ ಇವೆ. ಎರಡನ್ನೂ ಮೀಠಿ ದಂಡೆಯಲ್ಲೇ ನೋಡಬಹುದು.

ಒಂದು, ಬಿಕೆಸಿಯ ಎದುರು ದಡದ ಮಹಾರಾಷ್ಟ್ರ ನೇಚರ್ ಪಾರ್ಕ್. ಸುಮಾರು 37 ಎಕರೆ. 1970ರ ದಶಕದವರೆಗೂ ಅದು ನಗರದ ಕಸ ಸುರಿಯುವ ಜಾಗ. 1983ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅಲ್ಲಿ ಮೊದಲ ಗಿಡ ನೆಟ್ಟರು. 1994ರ ಏಪ್ರಿಲ್ 22ರಂದು ಪಾರ್ಕ್ ಜನರಿಗೆ ತೆರೆಯಿತು. ಇವತ್ತು ಅಲ್ಲಿ ಸಾವಿರಾರು ಮರ, ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಕಸದ ಮೇಲೆ ಕಾಡು ತಾನಾಗಿ ಬರಲಿಲ್ಲ, ಮಣ್ಣು ಹಾಕಿ, ನೆಟ್ಟು, ವರ್ಷಗಟ್ಟಲೆ ನೀರುಣಿಸಬೇಕಾಯಿತು.

ಇನ್ನೊಂದು, ಅದರ ಪಕ್ಕದಲ್ಲೇ ಕೆಸರಿನಲ್ಲಿ ನಿಂತಿರುವ ಕಾಂಡ್ಲಾ ಕಾಡು. ನಮ್ಮ ಕುಂದಾಪುರ, ಕುಮಟಾದ ಅಳಿವೆಗಳಲ್ಲಿ ಕಾಣುವಂಥದ್ದೇ. ಇಲ್ಲಿ ಹೆಚ್ಚಾಗಿರುವ ತಿವರ ಮರದ ಬೀಜ ಕೊಂಬೆಯಲ್ಲೇ ಮೊಳೆತು, ನೀರಿಗೆ ಬಿದ್ದು, ತೇಲಿ ಹೋಗಿ ಕೆಸರು ಹಿಡಿಯುತ್ತದೆ. ಉಬ್ಬರ ಇಳಿತ ಸರಿಯಾಗಿ ಆಡಿದರೆ, ಮಣ್ಣು ಸುರಿಯುವವರು ದೂರ ಇದ್ದರೆ, ನೆಡುವವರ ಹಂಗೇ ಬೇಡ. ಏಡಿಗೂ ಮನೆ ಇದೇ. ಮುಂಬೈಯ ಕಾಂಡ್ಲಾದಲ್ಲಿ ನರಿಗಳೂ ಬದುಕಿವೆ ಅಂದ್ರೆ ಎಷ್ಟೋ ಜನ ನಂಬೋದಿಲ್ಲ!

ಹಾಗಾಗಿ ಕಾನೂನು ಇಲ್ಲಿ ಸಸಿಗಿಂತ ದೊಡ್ಡದು. 2005ರಲ್ಲಿ ಬಾಂಬೆ ಹೈಕೋರ್ಟ್ ಕಾಂಡ್ಲಾ ಕಡಿಯುವುದನ್ನು ತಡೆಯಿತು. 2018ರಲ್ಲಿ, ಕಾಂಡ್ಲಾ ನಾಶ ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿಗೇ ಧಕ್ಕೆ ಅಂತ ತೀರ್ಪು ಕೊಟ್ಟಿತು.

ನಮ್ಮ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಟೀ ಶರ್ಟ್ ಹಾಕಿಸಿ ಗಿಡ ನೆಡಿಸ್ತಾರಲ್ಲ, ಅದು ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಬರಿದಾಗಿ ಕಾಣುವ ಕೆಸರೆಲ್ಲ ಖಾಲಿ ಜಾಗ ಅಲ್ಲ. ಠಾಣೆ ಅಳಿವೆಗೆ ಬರುವ ರಾಜಹಂಸಗಳು ಹೊಟ್ಟೆ ಹೊರೆಯುವುದು ಆ ಬೋಳು ಕೆಸರಿನಲ್ಲೇ. ಕಸದ ಗುಡ್ಡಕ್ಕೆ ಕೈ ಬೇಕು, ಕಾಂಡ್ಲಾಕ್ಕೆ ಜಾಗ ಬೇಕು. ಯಾವ ನೆಲಕ್ಕೆ ಯಾವುದು ಅಂತ ಕೇಳಿಯೇ ಸಸಿ ಕೈಗೆತ್ತಿಕೊಳ್ಳಿ.

ನಿಮ್ಮೂರಿನ ಅಳಿವೆ ಈಗ ಹೇಗಿದೆ, ಕೆಳಗೆ ಬರೀರಿ. ಮುಂದಿನ ವಾರ ಸಿಗೋಣ.