ದಾರಿಗರ ನೆಲೆ, ಊರಿನ ಹೊಣೆ

ಶ್ರೀರಂಗಪಟ್ಟಣದ ಬಳಿ ಕಾವೇರಿಯು ಪಡುವಣಕ್ಕೆ ತಿರುಗಿ ಹರಿಯುವ ಪಶ್ಚಿಮವಾಹಿನಿಗೆ ಅಸ್ಥಿವಿಸರ್ಜನೆಗೆಂದು ಬರುವವರಿಗೂ, ವೈರಮುಡಿಯ ಉತ್ಸವಕ್ಕೆಂದು ಪಾಂಡವಪುರವನ್ನು ಹಾದು ಮೇಲುಕೋಟೆಯ ಬೆಟ್ಟವನ್ನೇರುವವರಿಗೂ, ಸೌಮ್ಯಕೇಶವನ ಸನ್ನಿಧಿಯನ್ನೂ ಆದಿಚುಂಚನಗಿರಿಯನ್ನೂ ಅರಸಿ ನಾಗಮಂಗಲದ ಹಾದಿ ಹಿಡಿಯುವವರಿಗೂ, ಹಿಂದೆ ಅತ್ತಿಕುಪ್ಪೆಯೆನಿಸಿದ್ದ ಕೃಷ್ಣರಾಜಪೇಟೆಯಲ್ಲಿ ಬಂಡಿ ಬಿಚ್ಚುತ್ತಿದ್ದವರಿಗೂ ರಾತ್ರಿ ತಲೆಯಿಡಲು ಒಂದು ನೆಲೆ ಬೇಕಾಗಿದ್ದಿತು. ಹಾಗೆ ಪರಸ್ಥಳದವನೊಬ್ಬನು ನಮ್ಮೂರ ಮಾಡಿನ ಕೆಳಗೆ ಮಲಗಿದ ಮೇಲೆ ಅವನ ಪ್ರಾಣದ ಹೊಣೆ ಯಾರದೆಂಬ ಪ್ರಶ್ನೆಯು ಈ ನಾಲ್ಕು ಊರುಗಳಷ್ಟೇ ಹಳೆಯದು.

ಅದಕ್ಕೆ ದೊರೆತಿರುವ ಪ್ರಾಚೀನವಾದ ಉತ್ತರವೊಂದು ಬೆಳಕಿಗೆ ಬಂದುದು ಸಮೀಪದ ಮೈಸೂರಿನಲ್ಲಿಯೇ ಎಂಬುದು ನಮಗೆ ಅಭಿಮಾನದ ಸಂಗತಿ. ಅಲ್ಲಿನ ಪ್ರಾಚ್ಯ ಗ್ರಂಥಾಲಯದ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಧರ್ಮಛತ್ರದ ಮೇಲ್ವಿಚಾರಕನು ಬಂದ ಪಥಿಕರ ವಿಷಯವನ್ನು ಅಧಿಕಾರಿಗೆ ತಿಳಿಸಿದ ಬಳಿಕವೇ ಅವರಿಗೆ ಎಡೆಗೊಡಬೇಕೆಂಬ ವಿಧಿಯಿದೆ. ಅದೇ ಪ್ರಕರಣದಲ್ಲಿ, ಬೇಸಗೆಯ ಬೆಂಕಿಗೆ ಮುನ್ನೆಚ್ಚರಿಕೆಯಾಗಿ ಮನೆಯಲ್ಲಿ ನೀರಿನ ಕೊಡಗಳನ್ನೂ ಏಣಿಯನ್ನೂ ಕೊಡಲಿಯನ್ನೂ ಸಿದ್ಧವಾಗಿಟ್ಟುಕೊಳ್ಳಬೇಕೆಂಬ ಕಟ್ಟಳೆಯೂ ಇದೆ. ಅಪರಿಚಿತನ ಭಯವನ್ನೂ ಅಗ್ನಿಯ ಭಯವನ್ನೂ ಒಬ್ಬನೇ ನಗರಾಧಿಕಾರಿಯ ಕರ್ತವ್ಯವೆಂದು ಒಟ್ಟಿಗೆ ಚಿಂತಿಸಿದ್ದು ಆ ಶಾಸ್ತ್ರಕಾರನ ವಿವೇಕ.

ಬ್ರಿಟಿಷ್ ಇಂಡಿಯಾದಲ್ಲಿ 1867ರಲ್ಲಿ ದಾರಿಗರ ತಂಗುಮನೆಗಳಾದ ಸರಾಯಿಗಳಿಗೆ ವಿಧಿಸಿದ ಕಾಯಿದೆಯೂ ಬಹುಮಟ್ಟಿಗೆ ಇದೇ ಜಾಡಿನದು. ಸರಾಯಿಯ ಯಜಮಾನನು ಮ್ಯಾಜಿಸ್ಟ್ರೇಟರಲ್ಲಿ ಹೆಸರು ದಾಖಲಿಸಬೇಕು, ತಂಗಿದವರಲ್ಲಿ ಯಾರಿಗಾದರೂ ಅಂಟುರೋಗ ತಗಲಿದರೆ ಒಡನೆಯೇ ಪೊಲೀಸ್ ಠಾಣೆಗೆ ತಿಳಿಸಬೇಕು, ಕೋಣೆ, ಮೊಗಸಾಲೆ, ಚರಂಡಿ, ಬಾವಿಗಳನ್ನು ಶುಚಿಯಾಗಿಡಬೇಕು, ಕಾವಲುಗಾರರನ್ನು ನೇಮಿಸಬೇಕು, ದರಪಟ್ಟಿಯನ್ನು ಕಾಣುವಂತೆ ತೂಗುಹಾಕಬೇಕು. ಕಳ್ಳರು ಹತ್ತಿ ಒಳನುಗ್ಗಲು ಅನುಕೂಲವಾಗುವ ಮರದ ಕೊಂಬೆಗಳನ್ನು ಕಡಿಸಬೇಕೆಂದು ಕೂಡ ಆ ಕಾಯಿದೆ ಹೇಳುತ್ತದೆ. ಗೋಡೆಗೆ ಬಾಗಿದ ಕೊಂಬೆಯವರೆಗೆ ದೃಷ್ಟಿ ಹರಿಸಿದ ಈ ಸೂಕ್ಷ್ಮತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ನಮ್ಮ ಸೀಮೆಗೆ ಕಳ್ಳನಿಗಿಂತ ಕಠಿನನಾದ ಗುರುವಾಗಿ ಒದಗಿದುದು ರೋಗ. ಟಿಪ್ಪುವಿನ ಪತನಾನಂತರ ಶ್ರೀರಂಗಪಟ್ಟಣದಲ್ಲಿ ನೆಲೆನಿಂತಿದ್ದ ಆಂಗ್ಲ ಸೈನ್ಯವು ಅಲ್ಲಿನ ಚಳಿಜ್ವರವನ್ನು ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ತೆರಳಿತು. 1881-82ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿ ಪೂರ್ಣಗೊಂಡು, ಶ್ರೀರಂಗಪಟ್ಟಣಕ್ಕೂ ಆಗ ಫ್ರೆಂಚ್ ರಾಕ್ಸ್ ಎನಿಸಿದ್ದ ಪಾಂಡವಪುರಕ್ಕೂ ಯಾತ್ರಿಕರು ದಿನವಿಡೀ ಬಂದಿಳಿಯುವಂತಾದಾಗ, ಯಾತ್ರಿಕರೊಡನೆ ರೋಗವೂ ಬಂದಿಳಿಯಲು ಮಾರ್ಗವಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದುದು ರೈಲಿನ ಮೂಲಕವೇ; ತರುವಾಯ ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ನಡೆಯಿತು, ಜಾತ್ರೆಗಳಲ್ಲಿ ಕಾಲರಾ ಚುಚ್ಚುಮದ್ದು ರೂಢಿಯಾಯಿತು. ಅತಿಥಿಯ ಆರೋಗ್ಯವೆಂಬುದು ಆತಿಥೇಯನ ಔದಾರ್ಯಕ್ಕೆ ಮಾತ್ರ ಬಿಟ್ಟ ವಿಷಯವಲ್ಲ, ಊರಿನ ಆಡಳಿತಕ್ಕೂ ಸೇರಿದ್ದು ಎಂಬ ತಿಳಿವಳಿಕೆ ಹೀಗೆ ಸಾವುನೋವುಗಳ ಮೂಲಕ ಬಂದಿತು.

ಇನ್ನು ಬೆಂಕಿಯ ಭಯಕ್ಕೆ ಬಂದರೆ, ಹಳೆಯ ಛತ್ರದ ಕಟ್ಟಡವನ್ನು ಒಮ್ಮೆ ನಿಂತು ನೋಡತಕ್ಕದ್ದು. ಬೀದಿಗೆ ತೆರೆದ ಉದ್ದನೆಯ ಜಗಲಿ, ಕಲ್ಲುಕಂಬಗಳ ಪಡಸಾಲೆ, ನಡುವೆ ಆಕಾಶ ಕಾಣುವ ತೊಟ್ಟಿ, ಹಿತ್ತಿಲಲ್ಲಿ ಬಾವಿ, ಅದರಾಚೆ ಒಲೆಯ ಮನೆ. ಹೊಗೆ ತುಂಬಿದರೆ ಮೇಲಕ್ಕೆ ಹೋಗಲು ತೊಟ್ಟಿಯಿದ್ದಿತು. ಮಲಗಿದವನು ಎದ್ದು ಓಡಲು ಜಗಲಿಯಿದ್ದಿತು. ಇಂದಿನ ಲಾಡ್ಜಿನಲ್ಲಿ ಕಳ್ಳರ ಭಯಕ್ಕೆಂದು ಕಿಟಕಿಗಳಿಗೆ ಕಬ್ಬಿಣದ ಸರಳು, ಒಂದೇ ಇಕ್ಕಟ್ಟಾದ ಮೆಟ್ಟಿಲು, ಮೆಟ್ಟಿಲಿನ ಬುಡದಲ್ಲಿ ಅಡುಗೆಯ ಅನಿಲದ ಸಿಲಿಂಡರು. ಕಳ್ಳನನ್ನು ಹೊರಗಿಡುವ ಸರಳೇ ಬೆಂಕಿಯ ಹೊತ್ತಿನಲ್ಲಿ ಅತಿಥಿಯನ್ನು ಒಳಗೆ ಹಿಡಿದಿಡುತ್ತದೆ.

ಶಾಸನಗಳಿಗೇನೂ ಬರವಿಲ್ಲ. ವಿದೇಶೀಯನು ತಂಗಿದರೆ 24 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮ ಬಹುಕಾಲದಿಂದ ನಡೆದುಬಂದಿದೆ; 1964ರ ಪುರಸಭೆಗಳ ಅಧಿನಿಯಮವಿದೆ, ವರ್ಷವರ್ಷವೂ ನವೀಕರಿಸುವ ಪರವಾನಗಿಯಿದೆ. ಇವೆಲ್ಲವೂ ಬಂದವನ ಹೆಸರನ್ನು ಬರೆಯುತ್ತವೆ, ಯಜಮಾನನ ಹೆಸರನ್ನು ಬರೆಯುತ್ತವೆ; ಗಿರಾಕಿಗಳೆಲ್ಲ ಹೋದ ಮೇಲೆ ಮೇಜುಗಳನ್ನು ಸರಿಸಿ ಅಲ್ಲಿಯೇ ಚಾಪೆ ಹಾಸಿ ಮಲಗುವ ಮಾಣಿಯ ಹೆಸರನ್ನು ಯಾವ ದಫ್ತರದಲ್ಲಿ ಬರೆಯುತ್ತಾರೆ? 2018ರ ಜನವರಿಯಲ್ಲಿ ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಬಳಿ ಬಾರೊಂದಕ್ಕೆ ಬೆಂಕಿ ಬಿದ್ದಾಗ ಮಡಿದ ಐವರೂ ಹೀಗೆ ಒಳಗೆ ಮಲಗಿದ್ದ ಕೆಲಸಗಾರರೇ. ನಗರದ ಅತಿಥಿಗೆ ಸಲ್ಲುವ ಎಚ್ಚರಿಕೆಯ ಅರ್ಧಪಾಲಾದರೂ ಆ ಹುಡುಗರಿಗೆ ಸಂದಿದ್ದರೆ ಅವರು ಬದುಕಿರುತ್ತಿದ್ದರೇನೋ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಈ ನಾಲ್ಕು ಪಟ್ಟಣಗಳ ಪುರಸಭೆಗಳವರಲ್ಲಿ ನನ್ನ ಬಿನ್ನಹವಿಷ್ಟು: ಪರವಾನಗಿಗೆ ರುಜು ಹಾಕುವ ಮೊದಲು ಒಂದು ರಾತ್ರಿ, ಹೋಟೆಲಿನ ಬಾಗಿಲೆಳೆದ ಮೇಲೆ, ತಾವೇ ಹೋಗಿ ನೋಡಿರಿ, ಮಾಣಿಗಳು ಎಲ್ಲಿ ಮಲಗಿದ್ದಾರೆಂದು ಕೇಳಿರಿ, ಹಿಂಬಾಗಿಲಿನ ಬೀಗವನ್ನು ತೆಗೆಸಿರಿ.